ಗಾಯ ಮಾಯ್ದ ಮೇಲೂ ಮಗು ಯಾಕೆ ಸೊರಗುತ್ತದೆ?

2024ರ ಡಿಸೆಂಬರ್‌ನಲ್ಲಿ ಹುಬ್ಬಳ್ಳಿಯ ಉಣಕಲ್ ಕಡೆ ಒಂದು ದುರಂತ ನಡೆಯಿತು. ರಾತ್ರಿ ಮಲಗಿದ್ದ ಅಯ್ಯಪ್ಪ ಮಾಲಾಧಾರಿಗಳ ಕೋಣೆಯಲ್ಲಿ ಗ್ಯಾಸ್ ಸೋರಿ ಬೆಂಕಿ ಹೊತ್ತಿಕೊಂಡು ಒಂಬತ್ತು ಮಂದಿ ಸುಟ್ಟುಕೊಂಡರು. ಬಹುತೇಕರು ಕಿಮ್ಸ್ ಆಸ್ಪತ್ರೆಯಲ್ಲಿ ಒಬ್ಬೊಬ್ಬರಾಗಿ ತೀರಿಕೊಂಡರು. ಆ ದಿನಗಳಲ್ಲಿ ನಾವೆಲ್ಲ ಬೆಳಗ್ಗೆ ಎದ್ದು ಪೇಪರ್‌ನಲ್ಲಿ ನೋಡುತ್ತಿದ್ದದ್ದು ಒಂದೇ: ಎಷ್ಟು ಜನ ಹೋದರು, ಎಷ್ಟು ಜನ ಉಳಿದರು. ಸುಟ್ಟಗಾಯದ ಸುದ್ದಿ ಯಾವಾಗಲೂ ಹೀಗೇ ಇರುತ್ತದೆ. ಉಳಿದವರು ಡಿಸ್ಚಾರ್ಜ್ ಆದ ದಿನ ಸುದ್ದಿಯೂ ನಿಂತುಹೋಗುತ್ತದೆ.

ಉಳಿದದ್ದು ಮಗು ಆಗಿದ್ದರೆ, ಮನೆಯವರ ನಿಜವಾದ ಕೆಲಸ ಆ ದಿನದಿಂದಲೇ ಶುರು. ಮೈಯ ದೊಡ್ಡ ಭಾಗ ಸುಟ್ಟ ಮಗುವಿನ ಚರ್ಮ ಎರಡು ಮೂರು ತಿಂಗಳಲ್ಲಿ ಮುಚ್ಚಬಹುದು. ಒಳಗಿನ ಏರುಪೇರು ಮಾತ್ರ ವರ್ಷಗಟ್ಟಲೆ ಉಳಿಯುತ್ತದೆ. ಮಗು ಉಣ್ಣುತ್ತದೆ, ಆದರೂ ತೋಳು ತೊಡೆ ತುಂಬಿಕೊಳ್ಳುವುದಿಲ್ಲ. ಮೆಟ್ಟಿಲು ಹತ್ತಿದರೆ ಸುಸ್ತು. ಓರಗೆಯ ಮಕ್ಕಳು ಎತ್ತರ ಆಗುತ್ತಾರೆ, ಇದು ಇದ್ದಲ್ಲೇ ಇರುತ್ತದೆ. "ಹೆದರಿಕಿ ಹೊಕ್ಕೈತಿ" ಅಂತ ಯಾರೋ ತಾಯತ ಕಟ್ಟಿಸಲು ಹೇಳುತ್ತಾರೆ. ಕಾರಣ ಬೇರೆಯೇ ಇದೆ. ಅದನ್ನು ತಿಳಿದುಕೊಂಡರೆ ಮನೆಯವರು ಮಾಡಬಹುದಾದದ್ದು ಬಹಳ ಇದೆ.

ನಮ್ಮ ಕಡೆ ಚಿಕ್ಕ ಮಕ್ಕಳು ಸುಟ್ಟುಕೊಳ್ಳುವುದು ಜಾಸ್ತಿ ಬಿಸಿ ನೀರು, ಚಹಾ, ಹಾಲು, ಸಾರಿನಿಂದ. ಬಚ್ಚಲಿನ ಹಂಡೆ, ಬಕೆಟ್‌ಗೆ ಇಳಿಬಿಟ್ಟ ಕಾಯಿಲ್, ನೆಲದ ಮೇಲೆ ಆರಲು ಇಟ್ಟ ಅನ್ನದ ಗಂಜಿ, ಜಾತ್ರೆ ಮದುವೆಗಳಲ್ಲಿ ಕುದಿಯುವ ದೊಡ್ಡ ಪಾತ್ರೆ. ಇಂಥವುಗಳಲ್ಲಿ ಬಹಳಷ್ಟು ಸಣ್ಣ ಗಾಯಗಳು, ಮಾಯ್ದು ಹೋಗುತ್ತವೆ. ಇಲ್ಲಿ ಮಾತು ದೊಡ್ಡ ಗಾಯದ್ದು. ಮಗುವಿನದೇ ಅಂಗೈ, ಬೆರಳು ಸೇರಿಸಿ ಇಟ್ಟರೆ, ಅದರ ಮೈಯ ಸುಮಾರು 1 ಶೇಕಡಾ. ಅಂಥ ಇಪ್ಪತ್ತು, ಮೂವತ್ತು ಅಂಗೈಗಿಂತ ಹೆಚ್ಚು ಜಾಗ ಸುಟ್ಟರೆ ತೊಂದರೆ ಚರ್ಮಕ್ಕೆ ನಿಲ್ಲುವುದಿಲ್ಲ, ಇಡೀ ದೇಹದ ಲೆಕ್ಕಾಚಾರವೇ ಬದಲಾಗುತ್ತದೆ. 40 ಶೇಕಡಾ ದಾಟಿದರೆ ಅದು ತೀರಾ ಜೋರಾಗಿರುತ್ತದೆ.

ಆಗುವುದೇನು? ಇಷ್ಟು ದೊಡ್ಡ ಪೆಟ್ಟಿಗೆ ದೇಹ ಅಡ್ರಿನಲಿನ್ ಜಾತಿಯ ಹಾರ್ಮೋನುಗಳನ್ನೂ ಕಾರ್ಟಿಸೋಲನ್ನೂ ಸುರಿಯುತ್ತದೆ. ಹುಲಿ ಕಂಡಾಗ ಓಡಲು ಬೇಕಾದ ಹಾರ್ಮೋನುಗಳು ಇವು, ಕೆಲವು ನಿಮಿಷ ಇದ್ದು ಇಳಿಯಬೇಕು. ದೊಡ್ಡ ಸುಟ್ಟಗಾಯದಲ್ಲಿ ಇವು ಹಲವು ಪಟ್ಟು ಏರಿ ತಿಂಗಳುಗಟ್ಟಲೆ ಇಳಿಯುವುದೇ ಇಲ್ಲ. ಮಗು ಸುಮ್ನೆ ಮಲಗಿದ್ದರೂ ಎದೆ ಬಡಿತ ಓಡುತ್ತಿರುತ್ತದೆ. ಮೈ ಬಿಸಿ ಇರುತ್ತದೆ. ವಿಶ್ರಾಂತಿಯಲ್ಲೇ ಖರ್ಚಾಗುವ ಶಕ್ತಿ ಒಂದೂವರೆ ಪಟ್ಟು, ಕೆಲವರಲ್ಲಿ ಎರಡು ಪಟ್ಟಿನ ಹತ್ತಿರ ಹೋಗುತ್ತದೆ. ಅಮೆರಿಕದ ಸೈನ್ಯದ ಸುಟ್ಟಗಾಯ ಆಸ್ಪತ್ರೆಯಲ್ಲಿದ್ದ ಡಗ್ಲಸ್ ವಿಲ್ಮೋರ್ ಮತ್ತು ಜೊತೆಗಾರರು 1974ರಲ್ಲೇ ಈ ಉರಿಯ ಹಿಂದೆ ಅಡ್ರಿನಲಿನ್ ಗುಂಪಿನ ಹಾರ್ಮೋನುಗಳಿವೆ ಎಂದು ತೋರಿಸಿದ್ದರು.

ಈ ಶಕ್ತಿ ಎಲ್ಲಿಂದ ಬರಬೇಕು? ಗಾಯಕ್ಕೆ ಸಕ್ಕರೆ ಬೇಕು, ಬಹಳ ಬೇಕು. ಅದನ್ನು ಪೂರ್ತಿ ಉರಿಸದೆ ಅರ್ಧಂಬರ್ಧ ಬಳಸಿ, ಲ್ಯಾಕ್ಟೇಟ್ ಎಂಬ ಅರೆಬೆಂದ ವಸ್ತು ಮಾಡಿ ರಕ್ತಕ್ಕೆ ಬಿಡುತ್ತದೆ. ಲಿವರ್ ಅದನ್ನು ಮತ್ತೆ ಸಕ್ಕರೆ ಮಾಡುತ್ತದೆ, ಅದಕ್ಕೂ ಶಕ್ತಿ ಖರ್ಚು. ಸಾಲದ್ದಕ್ಕೆ ಸ್ನಾಯು ತನ್ನ ಪ್ರೋಟೀನ್ ಬಿಚ್ಚಿ ಅದರ ತುಣುಕುಗಳಾದ ಅಮೈನೋ ಆಮ್ಲಗಳನ್ನು ಲಿವರ್‌ಗೆ ಕಳಿಸುತ್ತದೆ. ಅದರಿಂದ ಸಕ್ಕರೆಯೂ ಆಗಬೇಕು, ಸೋಂಕಿನ ವಿರುದ್ಧದ ಪ್ರೋಟೀನೂ ಆಗಬೇಕು, ಹೊಸ ಚರ್ಮವೂ ಆಗಬೇಕು. ಒಲೆಗೆ ಸೌದೆ ಇಲ್ಲ ಅಂತ ಮನೆಯ ತೊಲೆಯನ್ನೇ ಕಿತ್ತು ಹಾಕಿದ ಹಾಗೆ. ಆರೋಗ್ಯವಂತ ಮನುಷ್ಯ ಉಪವಾಸ ಮಾಡಿದರೆ ದೇಹ ನಾಲ್ಕಾರು ದಿನದಲ್ಲಿ ಕೊಬ್ಬಿನ ಕಡೆ ಹೊರಳಿ ಸ್ನಾಯುವನ್ನು ಉಳಿಸಿಕೊಳ್ಳುತ್ತದೆ. ಸುಟ್ಟ ದೇಹಕ್ಕೆ ಆ ಹೊರಳುವಿಕೆ ಬರುವುದಿಲ್ಲ. ಅನ್ನ ಸಿಕ್ಕರೂ ಸಿಗದಿದ್ದರೂ ಸ್ನಾಯು ಕರಗುವುದು ನಡೆದೇ ಇರುತ್ತದೆ. ಗ್ಲಾಸ್ಗೋದ ಡೇವಿಡ್ ಕತ್ಬರ್ಟ್‌ಸನ್ 1930ರ ದಶಕದಲ್ಲಿ ಕಾಲಿನ ಮೂಳೆ ಮುರಿದವರ ಮೂತ್ರ ಪರೀಕ್ಷಿಸಿ, ಪೆಟ್ಟು ಬಿದ್ದಲ್ಲಿ ಮಾತ್ರವಲ್ಲ, ಮೈಯೆಲ್ಲದರ ಸ್ನಾಯು ಕರಗಿ ಹೊರಗೆ ಹೋಗುತ್ತಿದೆ ಎಂದು ಗುರುತಿಸಿದ್ದರು. ಸುಟ್ಟಗಾಯದಲ್ಲಿ ಇದೇ ಸಂಗತಿ ಎಷ್ಟೋ ಪಟ್ಟು ಜೋರು.

ದೊಡ್ಡವರಿಗೆ ಇದು ಕಷ್ಟ, ಮಕ್ಕಳಿಗೆ ಇನ್ನೂ ಕಷ್ಟ. ಮಗುವಿಗೆ ಕೂಡಿಟ್ಟ ಸ್ನಾಯು ಕಡಿಮೆ. ತೂಕಕ್ಕೆ ಹೋಲಿಸಿದರೆ ಚರ್ಮದ ವಿಸ್ತಾರ ಜಾಸ್ತಿ, ಹಾಗಾಗಿ ಶಾಖವೂ ನೀರೂ ಬೇಗ ಹೋಗುತ್ತವೆ. ಮೇಲಾಗಿ ಅದು ಬೆಳೆಯಲೂ ಬೇಕು. ಸ್ನಾಯುವಿನಿಂದ ಪ್ರೋಟೀನ್ ಸೋರುವುದು ಗಾಯವಾಗಿ ಒಂಬತ್ತರಿಂದ ಹನ್ನೆರಡು ತಿಂಗಳವರೆಗೂ ಮುಂದುವರಿಯುವುದನ್ನು ಅಳೆದು ನೋಡಿದ್ದಾರೆ. ಹಾರ್ಮೋನುಗಳ ಏರಿಕೆ ಕೆಲವು ಮಕ್ಕಳಲ್ಲಿ ಮೂರು ವರ್ಷದವರೆಗೂ ಕಂಡಿದೆ. ಮೊದಲ ಒಂದೆರಡು ವರ್ಷ ಎತ್ತರದ ಬೆಳವಣಿಗೆ ಕುಂಟುತ್ತದೆ. ಮೂಳೆಯೂ ಸಡಿಲವಾಗುತ್ತದೆ. ಸುಟ್ಟ ಚರ್ಮಕ್ಕೆ ಬಿಸಿಲಿನಿಂದ ವಿಟಮಿನ್ ಡಿ ಮಾಡಿಕೊಳ್ಳುವ ಶಕ್ತಿ ಕುಗ್ಗುತ್ತದೆ.

ಸ್ನಾಯು ಹೋದರೆ ಹೋಗಲಿ, ಆಮೇಲೆ ಬರುತ್ತದೆ ಎಂದು ಬಿಡುವ ಹಾಗಿಲ್ಲ. ಕೆಮ್ಮಿ ಕಫ ಹೊರಹಾಕುವುದೂ ಸ್ನಾಯುವೇ. ದೇಹದ ಸ್ನಾಯುಭಾಗ ಹತ್ತನೇ ಒಂದರಷ್ಟು ಹೋದರೆ ಸೋಂಕು ತಡೆಯುವ ಬಲ ಕುಗ್ಗುತ್ತದೆ. ಐದನೇ ಒಂದು ಹೋದರೆ ಗಾಯ ಮಾಯುವುದು ನಿಧಾನವಾಗುತ್ತದೆ. ಮೂರನೇ ಒಂದರ ಹತ್ತಿರ ಹೋದರೆ ಮಗು ಎದ್ದು ಕೂರಲಾರದು, ನ್ಯುಮೋನಿಯಾ ಕಾದಿರುತ್ತದೆ.

ಈಗ ನಮ್ಮ ಮನೆಗಳಿಗೆ ಬರೋಣ. ಧಾರವಾಡ, ಗದಗ, ಹಾವೇರಿ ಯಾವ ಊರಿನ ವಾರ್ಡಿಗೆ ಹೋದರೂ ಸುಟ್ಟ ಮಗುವಿನ ಹಾಸಿಗೆ ಪಕ್ಕ ಒಂದು ಮಾತು ಕೇಳಿಸುತ್ತದೆ: "ಬ್ಯಾಳಿ ಕೊಡಬ್ಯಾಡ್ರಿ, ಕೀವ ಆಗತೈತಿ. ತತ್ತಿ ನಂಜು." ಹೇಳುವವರು ಮಗುವಿನ ಮೇಲಿನ ಜೀವದಿಂದಲೇ ಹೇಳುತ್ತಾರೆ. ಅಜ್ಜಿ ಹೇಳಿದ್ದನ್ನು ತಾಯಿ ಮೀರುವುದು ಸುಲಭವಲ್ಲ. ಹಾಗಾಗಿ ಮಗುವಿನ ಬಟ್ಟಲಿಗೆ ಬೀಳುವುದು ಗಂಜಿ, ಚಹಾ, ಬಿಸ್ಕೀಟು, ಬ್ರೆಡ್ಡು. ಪಥ್ಯ ಎಂಬ ಹೆಸರಿನಲ್ಲಿ ಪ್ರೋಟೀನ್ ಇರುವ ಪದಾರ್ಥಗಳೇ ಒಂದೊಂದಾಗಿ ಹೊರಬೀಳುತ್ತವೆ. ಈ ಒಂದು ನಂಬಿಕೆ ಮಾಡುವ ಹಾನಿ ನನಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಡುವ ವಿಷಯ. ಯಾಕೆಂದರೆ ಇದಕ್ಕೆ ದುಡ್ಡು ಬೇಕಿಲ್ಲ, ಮಷೀನು ಬೇಕಿಲ್ಲ. ವಾರ್ಡಿನ ಸಿಸ್ಟರ್ ಕೂತು ಅಜ್ಜಿಗೇ ನೇರವಾಗಿ ಹೇಳಬೇಕು: "ಯವ್ವಾ, ಕೀವ ಬ್ಯಾಳಿಯಿಂದ ಆಗಂಗಿಲ್ಲ, ಗಾಯದಾಗ ಹುಳ ಹೊಕ್ಕರ ಆಗತೈತಿ. ಬ್ಯಾಳಿ ತಿಂದ್ರನ ಹೊಸ ಚರ್ಮ ಬರೂದು." ಕೀವಿಗೆ ಕಾರಣ ಬ್ಯಾಕ್ಟೀರಿಯಾ. ಅದನ್ನು ಎದುರಿಸುವ ರಕ್ಷಣೆ ತಯಾರಾಗುವುದೇ ಪ್ರೋಟೀನಿನಿಂದ.

ಎಷ್ಟು ಬೇಕು ಎಂದು ಲೆಕ್ಕ ಹಾಕಿ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಐದು ವರ್ಷದ, 18 ಕಿಲೋ ತೂಕದ ಮಗು ಎಂದುಕೊಳ್ಳಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2020ರ ಪಟ್ಟಿಯ ಪ್ರಕಾರ ಈ ವಯಸ್ಸಿನ ಆರೋಗ್ಯವಂತ ಮಗುವಿಗೆ ದಿನಕ್ಕೆ ಸುಮಾರು 16 ಗ್ರಾಂ ಪ್ರೋಟೀನ್, 1,360 ಕ್ಯಾಲೊರಿ ಸಾಕು. ಇದೇ ಮಗುವಿನ ಮೈ 40 ಶೇಕಡಾ ಸುಟ್ಟಿದ್ದರೆ, ಸುಟ್ಟ ಮಕ್ಕಳಿಗೆ ಎಷ್ಟು ಕ್ಯಾಲೊರಿ ಬೇಕೆಂದು ಲೆಕ್ಕ ಹಾಕಲು ಬಳಸುವ ಗ್ಯಾಲ್ವೆಸ್ಟನ್ ಸೂತ್ರದ ಪ್ರಕಾರ ಸುಮಾರು 1,700 ಕ್ಯಾಲೊರಿ ಬೇಕಾಗುತ್ತದೆ. ಪ್ರೋಟೀನ್ ಕಿಲೋ ತೂಕಕ್ಕೆ 3 ಗ್ರಾಂವರೆಗೆ, ಅಂದರೆ 54 ಗ್ರಾಂ. ಗಮನಿಸಿ: ಕ್ಯಾಲೊರಿ ಏರಿದ್ದು ಕಾಲು ಭಾಗ, ಪ್ರೋಟೀನ್ ಏರಿದ್ದು ಮೂರು ಪಟ್ಟಿಗೂ ಹೆಚ್ಚು. ಬರೀ ತುಪ್ಪ, ಸಕ್ಕರೆ, ಗ್ಲೂಕೋಸ್ ನೀರು ಕೊಟ್ಟು ಈ ಕಂದಕ ತುಂಬುವುದಿಲ್ಲ. ಒಂದು ಬಟ್ಟಲು ಗಂಜಿಯಲ್ಲಿ ಸಿಗುವುದು ಎರಡು ಮೂರು ಗ್ರಾಂ ಅಷ್ಟೇ.

ನಮ್ಮ ಅಡುಗೆಮನೆ ಇದಕ್ಕೆ ಬಡವಾಗಿಲ್ಲ. ಎರಡು ಮೊಟ್ಟೆ 12 ಗ್ರಾಂ. ಹಾಲು ಮೊಸರು ಸೇರಿ ಅರ್ಧ ಲೀಟರ್ 16 ಗ್ರಾಂ. ನೂರು ಗ್ರಾಂ ಹಿಟ್ಟಿನ ಜೋಳದ ರೊಟ್ಟಿಯಲ್ಲಿ 10. ಮಡಕಿ ಅಥವಾ ಹೆಸರು ಕಾಳಿನ ಪಲ್ಯ, ಹಸಿ ಕಾಳಿನ ತೂಕ 40 ಗ್ರಾಂ ಹಿಡಿದರೆ 9. ಒಂದು ಸಣ್ಣ ಹಿಡಿ ಶೇಂಗಾ 6. ಕೂಡಿಸಿದರೆ 53 ಆಯಿತು. ಜೋಳದಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ, ಕಾಳಿನಲ್ಲಿ ಅದು ಧಾರಾಳ. ರೊಟ್ಟಿಗೆ ಕಾಳುಪಲ್ಯ, ಝುಣಕ ಹಚ್ಚಿ ತಿನ್ನುವ ನಮ್ಮ ಕಡೆಯ ಪದ್ಧತಿಯಲ್ಲಿ ಒಂದರ ಕೊರತೆ ಇನ್ನೊಂದು ತುಂಬುತ್ತದೆ. ಮೊಟ್ಟೆ ತಿನ್ನದ ಮನೆಗಳಲ್ಲಿ 50 ಗ್ರಾಂ ಪನೀರು, ಜೊತೆಗೆ ಸ್ವಲ್ಪ ಹಾಲಿನ ಪುಡಿ ಸೇರಿಸಿದರೆ ಹೆಚ್ಚುಕಡಿಮೆ ಅಲ್ಲಿಗೇ ಬರುತ್ತದೆ. ಇದು ಅಂದಾಜಿನ ಲೆಕ್ಕ. ಎಳೆ ಕೂಸುಗಳಿಗೆ, ಕಿಡ್ನಿ ತೊಂದರೆ ಇರುವ ಮಕ್ಕಳಿಗೆ ಪ್ರಮಾಣ ಬೇರೆ, ಅದನ್ನು ಡಾಕ್ಟರರೇ ಹೇಳಬೇಕು. ಝಿಂಕ್, ತಾಮ್ರ, ಸೆಲೆನಿಯಂ ಗಾಯದ ನೀರಿನ ಜೊತೆ ಸೋರಿ ಹೋಗುತ್ತವೆ. ಅವನ್ನೂ ಆಸ್ಪತ್ರೆಯಲ್ಲಿ ತುಂಬಿಕೊಡಬೇಕಾಗುತ್ತದೆ.

ಆದರೆ ಪಟ್ಟಿ ಬರೆದ ಮಾತ್ರಕ್ಕೆ ಮಗು ತಿನ್ನುತ್ತದೆಯೇ? ನೋವು, ತುರಿಕೆ, ನಿದ್ದೆಗೇಡು, ಹೆದರಿಕೆ. ಡ್ರೆಸಿಂಗ್‌ಗೆ ಅರಿವಳಿಕೆ ಕೊಡಬೇಕು ಅಂತ ಪ್ರತಿ ಸಲ ಗಂಟೆಗಟ್ಟಲೆ ಖಾಲಿ ಹೊಟ್ಟೆ. ಹೀಗೆ ವಾರಕ್ಕೆ ಎಷ್ಟು ಊಟ ತಪ್ಪಿತು ಎಂದು ಯಾರಾದರೂ ಬರೆದಿಟ್ಟರೆ ಗಾಬರಿಯಾಗುತ್ತದೆ. ಅದಕ್ಕೇ ದೊಡ್ಡ ಗಾಯದ ಮಕ್ಕಳಿಗೆ ಮೊದಲ ದಿನವೇ ಮೂಗಿನಿಂದ ಹೊಟ್ಟೆಗೆ ನಳಿಕೆ ಹಾಕಿ ಉಣಿಸಲು ಶುರು ಮಾಡಬೇಕು ಎನ್ನುತ್ತಾರೆ. ನಳಿಕೆ ಕಂಡರೆ ಮನೆಯವರಿಗೆ "ಕೇಸು ಕೈ ಮೀರಿತು" ಅನ್ನಿಸುತ್ತದೆ. ಹಾಗಲ್ಲ. ರಾತ್ರಿ ಮಗು ಮಲಗಿದಾಗಲೂ ನಿಧಾನಕ್ಕೆ ಊಟ ಇಳಿಯುತ್ತದೆ, ಹಗಲು ಬಾಯಲ್ಲಿ ತಿಂದಷ್ಟು ತಿನ್ನಲಿ. ಕರುಳಿಗೆ ಬೇಗ ಕೆಲಸ ಕೊಟ್ಟರೆ ಅದರ ಒಳಪದರವೂ ಗಟ್ಟಿ ಇರುತ್ತದೆ.

ಇಲ್ಲಿ ಒಂದು ಎಚ್ಚರ. ತೂಕದ ಮಷೀನು ಸುಳ್ಳು ಸಮಾಧಾನ ಕೊಡಬಲ್ಲದು. ಮೊದಲ ದಿನಗಳಲ್ಲಿ ಬಾವಿನಿಂದ ತೂಕ ಏರಿರುತ್ತದೆ. ಆಮೇಲೆ ಬೇಕಾಬಿಟ್ಟಿ ಕ್ಯಾಲೊರಿ ತುಂಬಿದರೆ ಕೊಬ್ಬು ಏರುತ್ತದೆ, ಸ್ನಾಯು ಏರುವುದಿಲ್ಲ, ಲಿವರ್‌ನಲ್ಲೂ ಕೊಬ್ಬು ಸೇರುತ್ತದೆ. ಸುಟ್ಟಗಾಯದ ಮಕ್ಕಳಲ್ಲಿ ಇದನ್ನು ಸ್ಪಷ್ಟವಾಗಿ ನೋಡಿದ್ದಾರೆ. "ಎರಡು ಕಿಲೋ ಬಂತು" ಎಂದು ಖುಷಿಪಡುವ ಮೊದಲು ಮಗು ನೆಲದಿಂದ ಕೈ ಊರದೆ ಏಳುತ್ತದೆಯೇ, ತುಂಬಿದ ತಂಬಿಗೆ ಎತ್ತುತ್ತದೆಯೇ ನೋಡಬೇಕು. ಅಂಗನವಾಡಿಯಲ್ಲಿ ತೋಳಿಗೆ ಸುತ್ತಿ ಅಳೆಯುವ ಕೆಂಪು, ಹಳದಿ, ಹಸಿರು ಪಟ್ಟಿ ಇದೆ. ಆರು ತಿಂಗಳಿಂದ ಐದು ವರ್ಷದ ಮಗುವಿನ ತೋಳು 11.5 ಸೆಂಟಿಮೀಟರ್‌ಗಿಂತ ಕಡಿಮೆ ಇದ್ದರೆ ತೀವ್ರ ಅಪೌಷ್ಟಿಕತೆ. ಸುಡದ ತೋಳಿಗೆ ಅದೇ ಪಟ್ಟಿಯನ್ನು ತಿಂಗಳಿಗೊಮ್ಮೆ ಸುತ್ತಿ ಬರೆದಿಟ್ಟರೂ ಸಾಕು, ಏರುತ್ತಿದೆಯೋ ಇಳಿಯುತ್ತಿದೆಯೋ ಗೊತ್ತಾಗುತ್ತದೆ.

ಫ್ಯಾನಿನ ವಿಷಯವೂ ಇದಕ್ಕೆ ಸೇರಿದ್ದೇ. ಉರಿ ಅಂತ ಮಗುವಿನ ಮೇಲೆ ಫ್ಯಾನ್ ಹಚ್ಚುತ್ತಾರೆ, ಮೈ ಮೇಲೆ ಬಟ್ಟೆ ಇರುವುದಿಲ್ಲ. ಚರ್ಮ ಇಲ್ಲದ ಕಡೆ ನೀರು ಆವಿಯಾಗುತ್ತಲೇ ಇರುತ್ತದೆ. ಒಂದು ಲೀಟರ್ ಆವಿಯಾದರೆ ಸುಮಾರು 580 ಕ್ಯಾಲೊರಿಯಷ್ಟು ಶಾಖ ಹೋಗುತ್ತದೆ. ಆ ಶಾಖ ತುಂಬಲು ದೇಹ ಇನ್ನಷ್ಟು ಉರಿಯುತ್ತದೆ. ಅದಕ್ಕೆ ದೊಡ್ಡ ಗಾಯ ಇರುವವರ ಕೋಣೆಯನ್ನು 28ರಿಂದ 32 ಡಿಗ್ರಿ ಬೆಚ್ಚಗೆ ಇಡಬೇಕು. ಧಾರವಾಡದ ಚಳಿಗಾಲದ ರಾತ್ರಿಗೆ ಕಿಟಕಿ ಮುಚ್ಚಿ, ಹೀಟರ್ ಇಟ್ಟರೂ ಇದು ಸುಲಭವಲ್ಲ. ಆದರೂ ಫ್ಯಾನ್ ಆರಿಸುವುದು ಕೈಯಲ್ಲಿರುವ ಕೆಲಸ, ಅಲ್ವಾ?

ಆಸ್ಪತ್ರೆ ಮಾಡಬೇಕಾದ ದೊಡ್ಡ ಕೆಲಸ ಗಾಯವನ್ನು ಬೇಗ ಮುಚ್ಚುವುದು. ಹಿಂದೆ ಸತ್ತ ಚರ್ಮ ತಾನಾಗಿ ಉದುರಲಿ ಎಂದು ವಾರಗಟ್ಟಲೆ ಕಾಯುತ್ತಿದ್ದರು. ಯುಗೊಸ್ಲಾವಿಯಾದ ಮಾರಿಬೋರ್ ಊರಿನ ಸರ್ಜನ್ ಝೋರಾ ಯಾಂಝೆಕೋವಿಚ್ 1970ರಲ್ಲಿ, ಮೊದಲ ಕೆಲವು ದಿನಗಳಲ್ಲೇ ಸತ್ತ ಪದರವನ್ನು ಕೆತ್ತಿ ತೆಗೆದು ಚರ್ಮ ಕಸಿ ಮಾಡುವ ವಿಧಾನವನ್ನು ಪ್ರಕಟಿಸಿದರು. ಅಲ್ಲಿಂದ ಜಗತ್ತಿನ ರೂಢಿಯೇ ಬದಲಾಯಿತು. ಗಾಯ ತೆರೆದಿರುವಷ್ಟು ದಿನ ಸ್ನಾಯು ಕರಗುವುದೂ ಜೋರು, ಸೋಂಕಿನ ಭಯವೂ ಜೋರು. ನಮ್ಮ ಜಿಲ್ಲೆಗಳಲ್ಲಿ ಮಗು ಎರಡು ಮೂರು ಕಡೆ ಸುತ್ತಿ ದೊಡ್ಡ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಆ ಮೊದಲ ದಿನಗಳೇ ಕಳೆದಿರುತ್ತವೆ.

ಔಷಧದ ದಾರಿಯೂ ಇದೆ. ಅಮೆರಿಕದ ಗ್ಯಾಲ್ವೆಸ್ಟನ್‌ನಲ್ಲಿ ಡೇವಿಡ್ ಹರ್ನ್‌ಡನ್ ಮತ್ತು ತಂಡ 40 ಶೇಕಡಾಕ್ಕಿಂತ ಹೆಚ್ಚು ಸುಟ್ಟ 25 ಮಕ್ಕಳ ಮೇಲಿನ ಅಧ್ಯಯನವನ್ನು 2001ರಲ್ಲಿ ಪ್ರಕಟಿಸಿತು. ಅರ್ಧದಷ್ಟು ಮಕ್ಕಳಿಗೆ ಪ್ರೊಪ್ರನಲಾಲ್ ಕೊಟ್ಟು ಎದೆ ಬಡಿತವನ್ನು ಸುಮಾರು 20 ಶೇಕಡಾ ಇಳಿಸಿದರು. ಶಕ್ತಿಯ ಖರ್ಚು ಇಳಿಯಿತು, ಸ್ನಾಯುವಿನ ಪ್ರೋಟೀನ್ ಉಳಿತಾಯ ಸುಧಾರಿಸಿತು. ಔಷಧ ಸಿಗದ ಮಕ್ಕಳಲ್ಲಿ ಅದು ಇನ್ನೂ ಕೆಟ್ಟಿತು. ಪ್ರೊಪ್ರನಲಾಲ್ ಹಳೆಯ, ಅಗ್ಗದ ಬಿಪಿ ಮಾತ್ರೆ. ಉಬ್ಬಸ ಇರುವ ಮಗುವಿಗೆ ಅದು ಅಪಾಯ, ರಕ್ತದ ಸಕ್ಕರೆ ಇಳಿಸಬಹುದು, ಹಾಗಾಗಿ ಮನೆಯಲ್ಲಿ ಪ್ರಯೋಗ ಮಾಡುವಂಥದ್ದಲ್ಲ. ಆಕ್ಸಾಂಡ್ರೊಲೋನ್ ಎಂಬ ಸ್ನಾಯು ಬೆಳೆಸುವ ಸ್ಟೆರಾಯ್ಡ್ ಮೇಲೂ ಬಹಳ ವರ್ಷ ಭರವಸೆ ಇತ್ತು. ಅಮೆರಿಕದಲ್ಲಿ 2023ರಲ್ಲಿ ಅದರ ಅನುಮತಿಯನ್ನೇ ಹಿಂದೆಗೆದುಕೊಂಡರು. ಗ್ಲುಟಮಿನ್ ಎಂಬ ಅಮೈನೋ ಆಮ್ಲದ ಪುಡಿಯ ಮೇಲೂ ಇಂಥದೇ ಭರವಸೆ ಇತ್ತು. ದೊಡ್ಡವರ ಮೇಲೆ ನಡೆದ ದೊಡ್ಡ ಪರೀಕ್ಷೆಯ ಫಲಿತಾಂಶ 2022ರಲ್ಲಿ ಬಂತು, ಪ್ರಯೋಜನ ಕಾಣಲಿಲ್ಲ. ಮೆಡಿಕಲ್ ಶಾಪಿನ ದುಬಾರಿ ಡಬ್ಬಿ ಕೊಳ್ಳಲು ಸಾಲ ಮಾಡುವ ತಂದೆತಾಯಿ ಇದನ್ನು ತಿಳಿದಿರಬೇಕು.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಆಶೆ ಹುಟ್ಟಿಸುವುದು ವ್ಯಾಯಾಮದ ಪುರಾವೆ. ಅದೇ ಗ್ಯಾಲ್ವೆಸ್ಟನ್‌ನಲ್ಲಿ, ಗಾಯವಾಗಿ ಆರು ತಿಂಗಳಾದ ಮಕ್ಕಳಿಗೆ 12 ವಾರ ಭಾರ ಎತ್ತುವ ಮತ್ತು ಓಡುವ ತರಬೇತಿ ಕೊಟ್ಟರು. ಸ್ನಾಯುವಿನ ಬಲವೂ ಗಾತ್ರವೂ ಏರಿತು. ಊಟ ಇಟ್ಟಿಗೆ ತಂದುಕೊಡುತ್ತದೆ ನಿಜ, ಸ್ನಾಯುವಿಗೆ ಕೆಲಸ ಬೀಳದೆ ಅದು ಕಟ್ಟುವುದಿಲ್ಲ. ಇಲ್ಲೇ ನಮ್ಮ ಪ್ರೀತಿ ಅಡ್ಡ ಬರುತ್ತದೆ. ಸುಟ್ಟ ಮಗುವನ್ನು ಎತ್ತಿಕೊಂಡೇ ತಿರುಗುತ್ತೇವೆ. "ಬ್ಯಾಡಪ್ಪ, ಮಲಕೋ" ಎನ್ನುತ್ತೇವೆ. ಮಲಗಿದಷ್ಟೂ ಸ್ನಾಯು ಕರಗುತ್ತದೆ, ಕೀಲಿನ ಮೇಲಿನ ಚರ್ಮ ಸೆಳೆದು ಬಿಗಿಯಾಗುತ್ತದೆ. ಕಸಿ ಮಾಡಿದ ಚರ್ಮ ಕೂತಿದೆ ಎಂದು ಡಾಕ್ಟರ್ ಹೇಳಿದ ಮೇಲೆ ಮಗು ನಡೆಯಬೇಕು, ಮೆಟ್ಟಿಲು ಹತ್ತಬೇಕು, ಗೋಡೆಯ ಮೇಲಿನ ಗುರುತಿಗೆ ಕೈ ಚಾಚಬೇಕು. ಕುಂಟಾಟ, ಚೆಂಡು ಎಸೆಯುವ ಆಟ, ಸಣ್ಣ ಕೊಡದಲ್ಲಿ ನೀರು ತರುವ ಆಟ, ಎಲ್ಲವೂ ಫಿಜಿಯೋಥೆರಪಿಯೇ. ಫಿಜಿಯೋಥೆರಪಿಸ್ಟ್ ತೋರಿಸಿದ್ದಕ್ಕೆ ಆಟದ ರೂಪ ಕೊಟ್ಟರೆ ಮಗು ಅಳದೆ ಮಾಡುತ್ತದೆ.

ಆದರೆ ಆ ಫಿಜಿಯೋಥೆರಪಿಸ್ಟ್ ಎಲ್ಲಿದ್ದಾರೆ? ಹಾನಗಲ್ ಅಥವಾ ರೋಣದ ಹಳ್ಳಿಯಿಂದ ಹುಬ್ಬಳ್ಳಿಗೆ ಬರಬೇಕೆಂದರೆ ಒಂದು ದಿನದ ಕೂಲಿ ಹೋಯಿತು. ಶಕ್ತಿ ಯೋಜನೆ 2023ರಲ್ಲಿ ಬಂದ ಮೇಲೆ ತಾಯಿಯ ಬಸ್ ಚಾರ್ಜು ಉಳಿದಿದೆ, ಅದು ಸಣ್ಣ ಸಹಾಯವಲ್ಲ. ಕೂಲಿ ಮಾತ್ರ ಯಾರೂ ಕಟ್ಟಿಕೊಡುವುದಿಲ್ಲ. ಎರಡು ಮೂರು ಸಲ ಬಂದು, ಹೊಲದ ಕೆಲಸ ಶುರುವಾದ ಮೇಲೆ ಫಾಲೋಅಪ್ ತಪ್ಪಿಹೋಗುತ್ತದೆ. ಅವರನ್ನು ಬೈದು ಪ್ರಯೋಜನವಿಲ್ಲ. ಸರ್ಕಾರಿ ವಿಮೆಯ ಪ್ಯಾಕೇಜು ಆಪರೇಷನ್ ಮತ್ತು ಹಾಸಿಗೆಯನ್ನು ಲೆಕ್ಕ ಹಿಡಿಯುತ್ತದೆ. ಈ ಕಾಯಿಲೆ ಒಂದೆರಡು ವರ್ಷದ್ದು, ಅದರ ಬಹುಪಾಲು ನಡೆಯುವುದು ಮನೆಯಲ್ಲಿ. ಈ ಎರಡರ ನಡುವಿನ ಕಂದಕವೇ ನಮ್ಮ ಮುಖ್ಯ ಸಮಸ್ಯೆ ಎಂದು ನನಗನ್ನಿಸುತ್ತದೆ.

ಇದನ್ನು ತುಂಬಲು ಹೊಸ ಯೋಜನೆ ಹುಟ್ಟಿಸಬೇಕಿಲ್ಲ. ಅಪೌಷ್ಟಿಕ ಮಕ್ಕಳಿಗಾಗಿ ಪುನಶ್ಚೇತನ ಕೇಂದ್ರಗಳು ಈಗಾಗಲೇ ಇವೆ. ಸುಟ್ಟಗಾಯದಿಂದ ಸೊರಗಿದ ಮಗುವನ್ನೂ ಅಲ್ಲಿಗೆ ಸೇರಿಸಿಕೊಳ್ಳಬೇಕು. ಆಶಾ ಕಾರ್ಯಕರ್ತೆ ಬಾಣಂತಿ ಮನೆಗೆ ಹೋಗುವ ಹಾಗೆ ಸುಟ್ಟ ಮಗುವಿನ ಮನೆಗೂ ತಿಂಗಳಿಗೊಮ್ಮೆ ಹೋಗಿ ತೋಳು, ತೂಕ, ಎತ್ತರ ಬರೆದುಕೊಳ್ಳಬೇಕು. ಡಿಸ್ಚಾರ್ಜ್ ಕಾರ್ಡಿನಲ್ಲಿ ಮುಲಾಮಿನ ಹೆಸರಿನ ಕೆಳಗೆ ದಿನಕ್ಕೆ ಎಷ್ಟು ಗ್ರಾಂ ಪ್ರೋಟೀನ್, ಅದು ಯಾವ ಊಟದಿಂದ, ಯಾವ ಕೀಲಿಗೆ ಯಾವ ವ್ಯಾಯಾಮ ಎಂದು ಕನ್ನಡದಲ್ಲಿ ಬರೆದಿರಬೇಕು. ತಾಯಿಗೆ ಓದಲು ಬಾರದಿದ್ದರೆ ಚಿತ್ರ ಇರಲಿ.

ಶಾಲೆಗೂ ಇದರಲ್ಲಿ ಪಾಲಿದೆ. ಸರ್ಕಾರಿ ಶಾಲೆಗಳಲ್ಲಿ 2024ರಲ್ಲಿ ವಾರಕ್ಕೆ ಆರು ದಿನ ಮೊಟ್ಟೆ ಕೊಡುವುದು ಶುರುವಾಯಿತು. ಸುಟ್ಟ ಮಗು ಶಾಲೆಗೆ ಮರಳಿದರೆ ಆ ಮೊಟ್ಟೆಯೂ ಸಿಗುತ್ತದೆ, ಓಡಾಟವೂ ಸಿಗುತ್ತದೆ. ಆದರೆ ಆಟದ ಪಿರಿಯಡ್ ಬಂದಾಗ ಆ ಮಗುವನ್ನು ಕ್ಲಾಸಿನಲ್ಲೇ ಕೂರಿಸಿಬಿಡುತ್ತಾರೆ, ಬಿದ್ದರೆ ಯಾರು ಹೊಣೆ ಎಂಬ ಭಯದಿಂದ. ಭಯದಲ್ಲಿ ಒಂದು ನಿಜವೂ ಇದೆ. ಕಸಿ ಮಾಡಿದ ಚರ್ಮ ಸರಿಯಾಗಿ ಬೆವರುವುದಿಲ್ಲ, ಹಾಗಾಗಿ ಮಗುವಿನ ಮೈ ಬೇಗ ಬಿಸಿ ಏರುತ್ತದೆ. ಏಪ್ರಿಲ್‌ನ ಗದಗಿನ ಮಧ್ಯಾಹ್ನದ ಬಿಸಿಲಿಗೆ ಬಿಡಬಾರದು. ಬೆಳಗಿನ ಹೊತ್ತು, ಬೇವಿನ ಮರದ ನೆರಳಲ್ಲಿ, ನಡುನಡುವೆ ನೀರು ಕುಡಿಸಿ, ಮುಖ ಕೆಂಪಾದರೆ ಕೂರಿಸಿ, ಉಳಿದ ಮಕ್ಕಳ ಜೊತೆಗೇ ಆಡಿಸಬೇಕು. ಯಾವ ಆಟ ಬೇಡ ಎಂದು ಡಾಕ್ಟರಿಂದ ಒಂದು ಚೀಟಿ ಬರೆಸಿಕೊಂಡು ಹೆಡ್‌ಮಾಸ್ತರರ ಕೈಗೆ ಕೊಟ್ಟರೆ ಅವರಿಗೂ ಧೈರ್ಯ ಬರುತ್ತದೆ.